ಹಗೆಗೂ ಒಂದು ಲೆಕ್ಕವಿತ್ತು

ನವೆಂಬರ್ ಕಳೆದು ನೆರೆ ಇಳಿಯಿತೆಂದರೆ ದಕ್ಷಿಣ ಸುಡಾನಿನ ಸೋಬಾತ್ ನದಿಯ ಆಚೀಚೆ ಕಣ್ಣು ಹಾಯುವಷ್ಟು ದೂರ ಬಯಲೇ ಬಯಲು. ಗುಡ್ಡವಿಲ್ಲ, ಬಂಡೆಯಿಲ್ಲ, ಕವಣೆಗೆ ಇಡಲು ಒಂದು ಕಲ್ಲು ಹುಡುಕಿದರೂ ಸಿಗುವುದು ಕಷ್ಟ. ಕಾಲ ಕೆಳಗಿನ ಕಪ್ಪು ಮಣ್ಣು ನಮ್ಮ ವಿಜಯಪುರ, ರಾಯಚೂರು ಕಡೆಯ ಎರೆಹೊಲದ ಹಾಗೆ ಬಿಸಿಲಿಗೆ ಬಾಯಿಬಿಟ್ಟು ಬಿರಿಯುತ್ತದೆ. ಮಳೆ ಬಿದ್ದರೆ ಕಾಲು ಕೀಳಲಾರದ ಕೆಸರಾಗುತ್ತದೆ. ಅರ್ಧ ವರ್ಷ ನೀರು, ಅರ್ಧ ವರ್ಷ ಬಿಸಿಲು. ಮಳೆಗಾಲದಲ್ಲಿ ಜನ ದಿಬ್ಬದ ಮೇಲಿನ ಊರುಗಳಲ್ಲಿದ್ದು ಜೋಳ ಬೆಳೆಯುತ್ತಾರೆ. ನೀರು ಬತ್ತತೊಡಗಿದಂತೆ ದನ ಹೊಡೆದುಕೊಂಡು ಹೊಳೆದಂಡೆಗೆ ಇಳಿದು ದೊಡ್ಡಿ ಹಾಕುತ್ತಾರೆ.

ದೊಡ್ಡಿಯ ಸಂಜೆಗೆ ತನ್ನದೇ ಬಣ್ಣವಿದೆ. ಗೂಟಕ್ಕೆ ಕಟ್ಟಿದ ಹಸುಗಳ ನಡುವೆ ಒಣ ಸಗಣಿಯ ರಾಶಿಗಳು ಕನಲುತ್ತಿರುತ್ತವೆ. ಸೊಳ್ಳೆ ಓಡಿಸುವ ಆ ಹೊಗೆ ಆಳೆತ್ತರಕ್ಕೆ ನಿಂತು, ದನಗಳ ಕೊಂಬು ಮಾತ್ರ ಮೇಲೆ ತೇಲಿದಂತೆ ಕಾಣುತ್ತವೆ. ಮೈಗೆಲ್ಲ ಬೂದಿ ಬಳಿದುಕೊಂಡ ಹುಡುಗರು ಸೋರೆಬುರುಡೆ ಹಿಡಿದು ಓಡಾಡುತ್ತಾರೆ. ಹಣೆಯ ಮೇಲೆ ಕಿವಿಯಿಂದ ಕಿವಿಗೆ ಆರು ಗೀರು ಕೊಯ್ಸಿಕೊಂಡು ಗಂಡಸಾದ ತರುಣ ತನ್ನ ಎತ್ತಿನ ಪಕ್ಕ ನಿಂತು ಅದರ ಬಣ್ಣವನ್ನು, ಕೊಂಬಿನ ಬಾಗನ್ನು ಹಾಡಿ ಹೊಗಳುತ್ತಾನೆ. ಇವರು ನುಯೆರ್ ಜನ. ಪಶ್ಚಿಮಕ್ಕೂ ದಕ್ಷಿಣಕ್ಕೂ ಇವರ ನೆರೆಯವರು ಡಿಂಕಾ ಜನ. ದನ, ಜೋಳ, ಮೀನು, ನದಿ, ಎಲ್ಲವೂ ಇಬ್ಬರದ್ದೂ ಒಂದೇ. ಮದುವೆ ಸಂಬಂಧಗಳೂ ಹೆಣೆದುಕೊಂಡಿವೆ.

ಆಫ್ರಿಕದ ಹಿಂಸೆಯ ಬಗ್ಗೆ ನಾವು ಓದುವ ಸುದ್ದಿಯಲ್ಲಿ ಇವರ ಹೆಸರು ಬಂದಾಗಲೆಲ್ಲ ಪಕ್ಕದಲ್ಲೇ 'ಬುಡಕಟ್ಟು ಕಲಹ' ಎಂಬ ಪದ ಕೂತಿರುತ್ತದೆ. ಅಲ್ಲಿಗೆ ವಿವರಣೆ ಮುಗಿಯಿತು ಎಂದು ನಮಗೂ ಅನ್ನಿಸಿಬಿಡುತ್ತದೆ. ಆದರೆ ಇದೇ ಬಯಲಿನಲ್ಲಿ ಕೂತು ಹಿಂಸೆಯನ್ನು ಹತ್ತಿರದಿಂದ ನೋಡಿದ ಮಾನವಶಾಸ್ತ್ರಜ್ಞರು ತೊಂಬತ್ತು ವರ್ಷಗಳಿಂದ ಬರೆದಿಟ್ಟಿರುವುದು ಬೇರೆಯೇ ಕಥೆ. ಇಲ್ಲಿ ಕೊಲೆಗೆ ಕಟ್ಟುಪಾಡು ಇತ್ತು. ಅದನ್ನು ಕಾಯುತ್ತಿದ್ದವರು ಆಯುಧವಿಲ್ಲದ ಜನ, ಕಾಯುತ್ತಿದ್ದುದು ಬಾಯಿಮಾತಿನಿಂದ. ಮುಂದೊಂದು ದಿನ ಆಯುಧವಿದ್ದವರು ಬೇರೆ ಮಾತು ಆಡಿ ಅದನ್ನು ಸಡಿಲಿಸಿದರು.

ಚಿರತೆ ಚರ್ಮದ ಮನೆ

1930ರ ದಶಕದ ಒಂದು ಊರನ್ನು ಕಣ್ಣಮುಂದೆ ತಂದುಕೊಳ್ಳಿ. ಮೇವಿನ ಜಾಗಕ್ಕೋ, ಕುಣಿತದ ಕೂಟದಲ್ಲಿ ಆಡಿದ ಒಂದು ಮಾತಿಗೋ ಜಗಳ ಹುಟ್ಟಿದೆ. ಒಂದೇ ಊರಿನವರಾದರೆ ದೊಣ್ಣೆ ಹಿಡಿಯಬೇಕು, ಈಟಿ ಎತ್ತುವಂತಿಲ್ಲ. ಬೇರೆ ಊರಿನವರಾದರೆ ಈಟಿ ಏಳುತ್ತದೆ. ಏಳುವ ಮೊದಲೇ ಒಬ್ಬ ಮುದುಕ ಎರಡು ಗುಂಪುಗಳ ನಡುವೆ ನುಗ್ಗಿ ಗುದ್ದಲಿಯಿಂದ ಅಲ್ಲಲ್ಲಿ ನೆಲ ಅಗೆಯುತ್ತಾ ಓಡಬಹುದು. ಭುಜದ ಮೇಲೆ ಚಿರತೆಯ ಚರ್ಮ ಹೊದ್ದ ಈತ ಭೂಮಿಯ ಪೂಜಾರಿ. ಅವನು ಕೆದಕಿದ ನೆಲವನ್ನು ದಾಟಿ ಹೊಡೆದಾಡಬಾರದು.

ಅವನು ಬರುವಷ್ಟರಲ್ಲಿ ಒಬ್ಬ ಸತ್ತಿದ್ದಾನೆ ಎನ್ನಿ. ಈಟಿ ಎಸೆದವನಿಗೆ ತಾನು ಯಾರನ್ನು ಕೊಂದೆ ಎಂಬುದು ಗೊತ್ತು, ಊರಿಗೂ ಗೊತ್ತು. ಅವನು ಓಡುವುದು ತನ್ನ ಮನೆಗಲ್ಲ, ಆ ಪೂಜಾರಿಯ ಮನೆಗೆ. ಗಂಟಲು ಒಣಗಿದ್ದರೂ ಒಂದು ಹನಿ ನೀರು ಕುಡಿಯುವಂತಿಲ್ಲ, ಒಂದು ತುತ್ತು ಬಾಯಿಗಿಡುವಂತಿಲ್ಲ. ಸತ್ತವನ ರಕ್ತ ಕೊಂದವನ ಮೈಯೊಳಗೆ ಸೇರಿಕೊಂಡಿದೆ ಎಂಬುದು ನಂಬಿಕೆ. ಅದು ಹೊರಬರದೆ ಉಂಡರೆ, ಕುಡಿದರೆ ಸಾವು. ಪೂಜಾರಿ ಅವನ ತೋಳನ್ನು ಮುಂದಕ್ಕೆ ಎಳೆದುಕೊಂಡು ಮೇಲಿನಿಂದ ಕೆಳಕ್ಕೆ ಗೀರುತ್ತಾನೆ. ರಕ್ತ ತೊಟ್ಟಿಕ್ಕುತ್ತದೆ. ಆಮೇಲೆ ನೀರು. ಕೊಂದವನು ಅಂದಿನಿಂದ ಆ ಮನೆಯ ಆಶ್ರಿತ. ಹೊರಗೆ ಸತ್ತವನ ಅಣ್ಣತಮ್ಮಂದಿರು ಈಟಿ ಹಿಡಿದು ಹೊಂಚು ಹಾಕಿರುತ್ತಾರೆ. ಅವನು ಹೊರಗೆ ಸಿಕ್ಕರೆ ಬಿಡುವುದಿಲ್ಲ. ಆ ಮನೆಯೊಳಗೆ ಮಾತ್ರ ಕಾಲಿಡುವುದಿಲ್ಲ.

ಕೆಲವು ವಾರ ಕಳೆದು ದುಃಖ, ರೋಷ ತುಸು ತಣಿದ ಮೇಲೆ ಪೂಜಾರಿ ಎರಡೂ ಕಡೆ ನಡೆದಾಡಲು ಶುರುಮಾಡುತ್ತಾನೆ. ಕೊಂದವನ ಕಡೆಯವರ ದೊಡ್ಡಿಯಲ್ಲಿ ಎಷ್ಟು ದನವಿದೆ ಎಂದು ನೋಡುತ್ತಾನೆ. ಸತ್ತವನ ಮನೆಗೆ ಹೋಗಿ, ದನ ತೆಗೆದುಕೊಂಡು ಹಗೆ ಮುಗಿಸಿ ಎನ್ನುತ್ತಾನೆ. ಅವರು ಒಪ್ಪುವುದಿಲ್ಲ. ಕೇಳಿದ ಕೂಡಲೇ ಒಪ್ಪಿದರೆ ಸತ್ತವನಿಗೆ ಮರ್ಯಾದೆ ಇಲ್ಲ. ಮತ್ತೆ ಕೇಳುತ್ತಾನೆ, ಮತ್ತೆ ಇಲ್ಲ. ಕೊನೆಗೆ ಅವನು ಒಂದು ಎತ್ತನ್ನು ತರಿಸಿ ಅದರ ಬೆನ್ನಿಗೆ ಬೂದಿ ಉಜ್ಜುತ್ತಾ ಅದರೊಂದಿಗೇ ಮಾತಾಡತೊಡಗುತ್ತಾನೆ: ಇವರು ಸೇಡಿಗೇ ಹೋಗುವುದಾದರೆ ಇವರ ಈಟಿ ಗುರಿ ತಪ್ಪಲಿ, ಇವರಲ್ಲೇ ಹಲವರು ಬೀಳಲಿ ಎಂಬಂಥ ಶಾಪ. ಕೈಯಲ್ಲಿನ ಈಟಿ ಮೇಲೇಳುತ್ತದೆ. ಆ ಎತ್ತು ಸತ್ತರೆ ಶಾಪ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಸತ್ತವನ ಕಡೆಯವನೊಬ್ಬ ಧಾವಿಸಿ ಬಂದು ಎತ್ತಿದ ತೋಳನ್ನು ಹಿಡಿದುಕೊಳ್ಳುತ್ತಾನೆ. ಬೇಡ, ತಿವಿಯಬೇಡ, ಮುಗಿಯಿತು, ದನಕ್ಕೆ ಒಪ್ಪಿದ್ದೇವೆ ಎಂದು ಕೂಗುತ್ತಾನೆ. ಮಾನ ಉಳಿಯಿತು, ಜೀವಗಳೂ ಉಳಿದವು.

ಇದನ್ನು ದಾಖಲಿಸಿದವರು ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಇ. ಇ. ಇವಾನ್ಸ್-ಪ್ರಿಚರ್ಡ್. 1930ರಿಂದ 1936ರ ನಡುವೆ ಹಲವು ಕಂತುಗಳಲ್ಲಿ, ಒಟ್ಟು ಸುಮಾರು ಒಂದು ವರ್ಷ ನುಯೆರರ ನಡುವೆ ಇದ್ದು ಬರೆದ ಅವರ ಪುಸ್ತಕ 1940ರಲ್ಲಿ ಬಂತು. ರಾಜನಿಲ್ಲದ, ಪೊಲೀಸರಿಲ್ಲದ, ಜೈಲಿಲ್ಲದ ಸಮಾಜ ಹೇಗೆ ಒಡೆದು ಚೂರಾಗದೆ ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಚಿರತೆ ಚರ್ಮದ ಪೂಜಾರಿಗೆ ಯಾರ ಮೇಲೂ ಹುಕುಂ ಚಲಾಯಿಸುವ ಅಧಿಕಾರ ಇರಲಿಲ್ಲ. ಎಷ್ಟೋ ಕಡೆ ಆತ ಆ ಪ್ರದೇಶದ ಪ್ರಬಲ ಕುಲಕ್ಕೆ ಸೇರಿದವನೂ ಅಲ್ಲ. ಯಾರ ಕಡೆಯವನೂ ಅಲ್ಲ ಎಂಬುದೇ ಅವನ ಬಲ. ಅವನ ಮಾತು ನಡೆದದ್ದು ಜನಕ್ಕೆ ಅದು ನಡೆಯಬೇಕಾಗಿದ್ದರಿಂದ. ಅಕ್ಕಪಕ್ಕ ಮೇಯುವ ದನ, ಒಂದೇ ಮಡುವಿನ ಮೀನು, ಒಬ್ಬರ ಮನೆಗೆ ಇನ್ನೊಬ್ಬರು ಕೊಟ್ಟ ಹೆಣ್ಣು ಇರುವಾಗ ಹಗೆಯನ್ನು ಎಷ್ಟು ದಿನ ಎಳೆಯಲಾದೀತು?

ಪರಿಹಾರದ ದನ ಸುಮಾರು 40ರಿಂದ 50. ಅರ್ಧದಷ್ಟನ್ನು ಮೊದಲು ಕೊಟ್ಟು ಉಳಿದದ್ದನ್ನು ವರ್ಷಗಟ್ಟಲೆ ತೀರಿಸುತ್ತಿದ್ದರು. ಆ ದನ ಏನಾಗುತ್ತಿತ್ತು ಎಂಬುದರಲ್ಲಿ ಈ ಇಡೀ ವ್ಯವಸ್ಥೆಯ ಹೃದಯವಿದೆ. ಅದರಲ್ಲಿ ಒಂದು ಪಾಲನ್ನು ಕನ್ಯಾಶುಲ್ಕವಾಗಿ ಕೊಟ್ಟು ಸತ್ತವನ ಹೆಸರಿಗೆ ಒಬ್ಬ ಹೆಣ್ಣನ್ನು ಮದುವೆ ಮಾಡಿ ತರುತ್ತಿದ್ದರು. ಅವನ ತಮ್ಮನೋ ದಾಯಾದಿಯೋ ಅವಳೊಂದಿಗೆ ಸಂಸಾರ ಮಾಡಿದರೂ ಹುಟ್ಟಿದ ಮಕ್ಕಳು ಸತ್ತವನ ಮಕ್ಕಳೇ. ಕೊಂದವನ ಮನೆಯ ದನದಿಂದ ಸತ್ತವನ ವಂಶ ಬೆಳೆಯಬೇಕು. ಅಲ್ಲಿಯವರೆಗೂ, ಅದಾದ ಮೇಲೂ ಎಷ್ಟೋ ಕಾಲ ಎರಡು ಮನೆಯವರು ಒಂದೇ ಪಾತ್ರೆಯಲ್ಲಿ ಉಣ್ಣುತ್ತಿರಲಿಲ್ಲ. ಸಾವನ್ನು ಮರೆಯುವ ಏರ್ಪಾಡು ಇದಲ್ಲ, ಸಾವಿಗೆ ಹೊಣೆಗಾರನನ್ನು ನಿಲ್ಲಿಸುವ ಏರ್ಪಾಡು.

ಇದನ್ನು ಸುವರ್ಣಯುಗ ಎಂದು ಬಣ್ಣಿಸಲು ನಾನು ಹೊರಟಿಲ್ಲ. ಈ ಕಟ್ಟು ಹತ್ತಿರದವರಿಗೆ ಬಿಗಿಯಾಗಿತ್ತು, ದೂರ ಹೋದಂತೆ ಸಡಿಲ. ನುಯೆರ್ ನುಯೆರರ ನಡುವಿನ ಹೊಡೆದಾಟದಲ್ಲಿ ಹೆಂಗಸರು ಮಕ್ಕಳನ್ನು ಮುಟ್ಟುತ್ತಿರಲಿಲ್ಲ, ಗುಡಿಸಲು ಸುಡುತ್ತಿರಲಿಲ್ಲ. ಡಿಂಕಾ ಊರುಗಳ ಮೇಲೆ ದನಕ್ಕಾಗಿ ದಾಳಿಯಿಟ್ಟಾಗ ಆ ಮಿತಿ ಇರಲಿಲ್ಲ, ಸತ್ತವರಿಗೆ ಪರಿಹಾರವೂ ಇರಲಿಲ್ಲ. ಆದರೂ ದಾಳಿಯಲ್ಲಿ ಬಂದ ಡಿಂಕಾ ಹುಡುಗರು ನುಯೆರ್ ಮನೆಗಳಲ್ಲಿ ಮಕ್ಕಳಾಗಿ ಬೆಳೆದರು, ಹೆಣ್ಣುಮಕ್ಕಳು ಸೊಸೆಯರಾದರು. ಹಲವು ನುಯೆರ್ ಪಂಗಡಗಳಲ್ಲಿ ಅರ್ಧಕ್ಕರ್ಧ ಜನ ಡಿಂಕಾ ಮೂಲದವರಿರಬೇಕೆಂದು ಇವಾನ್ಸ್-ಪ್ರಿಚರ್ಡ್ ಅಂದಾಜು ಮಾಡಿದ್ದರು. ಎರಡು ಅಪ್ಪಟ ಬುಡಕಟ್ಟುಗಳ ಅನಾದಿ ದ್ವೇಷ ಎಂಬ ವಿವರಣೆಗೆ ಈ ಒಂದು ಸಂಗತಿಯೇ ಸಾಕಷ್ಟು ಉತ್ತರ.

ಬೆಳಗಿನ ಮುತ್ತಿಗೆ

ಅದೇ ಪುಸ್ತಕದ ಆರಂಭದಲ್ಲಿ, ಕ್ಷೇತ್ರಕಾರ್ಯದ ಕಷ್ಟಗಳನ್ನು ಹೇಳುವಾಗ ಒಂದು ದೃಶ್ಯ ಹಾದುಹೋಗುತ್ತದೆ. 1930ರ ಬೇಸಿಗೆ. ಇವಾನ್ಸ್-ಪ್ರಿಚರ್ಡ್ ಒಂದು ದೊಡ್ಡಿಯಲ್ಲಿ ಬಿಡಾರ ಹೂಡಿದ್ದಾರೆ. ಹುಡುಗರು ಮೀನು ಹಿಡಿಯಲು ಕರೆಯುತ್ತಿದ್ದಾರೆ, ಜನ ಆಗತಾನೆ ಮಾತಿಗೆ ಒಗ್ಗುತ್ತಿದ್ದಾರೆ. ಒಂದು ದಿನ ಸೂರ್ಯ ಮೂಡುವ ಹೊತ್ತಿಗೆ ಸರ್ಕಾರಿ ಪಡೆ ಬಂದು ದೊಡ್ಡಿಯನ್ನು ಸುತ್ತುವರಿಯುತ್ತದೆ. ದಂಗೆಯ ಮುಂದಾಳುಗಳಾಗಿದ್ದ ಇಬ್ಬರು ದೈವವಾಣಿಯವರನ್ನು ಹುಡುಕುತ್ತದೆ. ಸಿಗದಿದ್ದಾಗ ಕೆಲವರನ್ನು ಒತ್ತೆಯಾಗಿ ಹಿಡಿದುಕೊಂಡು, ಆ ದೈವವಾಣಿಯವರನ್ನು ಒಪ್ಪಿಸದಿದ್ದರೆ ಇನ್ನಷ್ಟು ಜನರನ್ನು ಎಳೆದೊಯ್ಯುವುದಾಗಿ ಬೆದರಿಸುತ್ತದೆ. ಜನರ ಕಣ್ಣಿಗೆ ಆ ಬಿಳಿಯ ಅತಿಥಿಯೂ ಸರ್ಕಾರದವನೇ. ಸ್ವಲ್ಪ ಸಮಯದಲ್ಲಿ ಅವರು ಅಲ್ಲಿಂದ ಹೊರಟುಬಿಡುತ್ತಾರೆ.

ಅದರ ಹಿಂದಿನ ವರ್ಷಗಳಲ್ಲಿ ನಡೆದದ್ದು ಇದಕ್ಕಿಂತ ಘೋರ. ನುಯೆರರ ಒಂದು ಪಂಗಡವಾದ ಲೋ ನುಯೆರರ ನಾಡಿನಲ್ಲಿ ನ್ಗುನ್‌ಡೆಂಗ್ ಎಂಬ ದೈವವಾಣಿಯವನು ಮಣ್ಣು, ಬೂದಿಗಳಿಂದ ಒಂದು ದೊಡ್ಡ ಗೋಪುರ ಕಟ್ಟಿಸಿದ್ದ. ಅವನ ಮಗ ಗ್ವೆಕ್ ತೆರಿಗೆಗೂ ರಸ್ತೆಯ ಬಿಟ್ಟಿ ದುಡಿಮೆಗೂ ಎದುರು ನಿಂತಾಗ ಬ್ರಿಟಿಷರು 1927-28ರಲ್ಲಿ ಆ ಬಯಲಿನ ಮೇಲೆ ವಿಮಾನದಿಂದ ಬಾಂಬು ಹಾಕಿದರು. ಗೋಪುರವನ್ನು ಸ್ಫೋಟಿಸಲು ನೋಡಿದರು. 1929ರಲ್ಲಿ ಗ್ವೆಕ್‌ನನ್ನು ಕೊಂದರು. ನುಯೆರರ ಹಗೆಯ ಲೆಕ್ಕವನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟ ಆ ಪುಸ್ತಕದಲ್ಲಿ ಈ ಸಾವುಗಳಿಗೆ ಅಂಥ ಜಾಗ ಸಿಗಲಿಲ್ಲ. ಮುಂದಿನ ಪೀಳಿಗೆಯ ವಿದ್ವಾಂಸರು ಬೆರಳಿಟ್ಟು ತೋರಿಸಿದ್ದು ಇದನ್ನೇ. ಈಟಿಯಿಂದ ಸತ್ತ ಒಬ್ಬನಿಗೆ ನಲವತ್ತು ದನ. ಆಕಾಶದಿಂದ ಬಿದ್ದ ಬಾಂಬಿಗೆ ಸತ್ತವರಿಗೆ ಯಾರ ತೋಳನ್ನು ಗೀರುವುದು? ಹೊಣೆಯಿಲ್ಲದ ಕೊಲೆ ಈ ಬಯಲಿಗೆ ದೊಡ್ಡ ಪ್ರಮಾಣದಲ್ಲಿ ಬಂದಿಳಿದದ್ದು ಸರ್ಕಾರದ ರೂಪದಲ್ಲಿ.

ಗುಂಡಿಗೆ ಸೂತಕವಿದೆಯೇ?

1980ರ ದಶಕಕ್ಕೆ ಬನ್ನಿ. 1983ರಲ್ಲಿ ಸುಡಾನಿನ ಎರಡನೆಯ ಅಂತರ್ಯುದ್ಧ ಶುರುವಾಗಿದೆ. ದಕ್ಷಿಣದವರ ವಿಮೋಚನಾ ಸೇನೆಯನ್ನು ಕಟ್ಟಿದವರು ಡಿಂಕಾ ಮೂಲದ ಜಾನ್ ಗರಾಂಗ್. ಪಶ್ಚಿಮದ ನುಯೆರ್ ಸೀಮೆಯಲ್ಲಿ ಅದೇ ಸೇನೆಯ ದಂಡನಾಯಕ ರಿಯೆಕ್ ಮಚಾರ್. ಹುಟ್ಟಿನಿಂದ ನುಯೆರ್, ಓದಿನಿಂದ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದವರು. ದೊಡ್ಡಿಯ ಹುಡುಗರ ಕೈಯಲ್ಲಿ ಈಗ ಈಟಿಯ ಜೊತೆಗೆ ಕಲಾಶ್ನಿಕೋವ್ ಬಂದಿದೆ. ಒಂದು ಬಂದೂಕಿಗೆ ಇಷ್ಟು ಹಸು ಎಂದು ಬೆಲೆಯೂ ಗೊತ್ತಾಗಿದೆ.

ಅಮೆರಿಕದ ಮಾನವಶಾಸ್ತ್ರಜ್ಞೆ ಶರೋನ್ ಹಚಿನ್ಸನ್ ಯುದ್ಧ ಶುರುವಾಗುವ ಮುಂಚಿನಿಂದಲೂ ಈ ಜನರ ನಡುವೆ ಇದ್ದವರು, ಯುದ್ಧದ ನಡುವೆಯೂ ಮರಳಿ ಬಂದವರು. ಅವರ ಪುಸ್ತಕ 1996ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಂದೂಕಿನ ಬಗ್ಗೆ ನುಯೆರರು ಬೆಂಕಿಯ ಸುತ್ತ ಕೂತು ನಡೆಸಿದ ಚರ್ಚೆಗಳು ದಾಖಲಾಗಿವೆ. ಆ ಚರ್ಚೆಯ ಗಾಂಭೀರ್ಯ ಯಾವ ನ್ಯಾಯಾಲಯಕ್ಕೂ ಕಡಿಮೆಯದಲ್ಲ. ಈಟಿಗೆ ತೋಳಿನ ಬಲ ಬೇಕು, ಎದುರಿಗಿರುವವನ ಮುಖ ಕಾಣುತ್ತದೆ, ಎಸೆದವನಾರು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಗುಂಡು ಹಾಗಲ್ಲ. ಕತ್ತಲಲ್ಲಿ ಹತ್ತು ಬಂದೂಕು ಒಟ್ಟಿಗೆ ಸಿಡಿದರೆ ಸತ್ತವನ ಮೈಯಲ್ಲಿರುವ ಗುಂಡು ಯಾರದ್ದು? ಯಾರ ಮೈಗೆ ಆ ರಕ್ತ ಸೇರಿತು? ಯಾರು ನೀರು ಕುಡಿಯಬಾರದು? ಸಿಡಿಲು ಹೊಡೆದು ಸತ್ತವರ ಹಾಗೆ ಗುಂಡಿಗೆ ಸತ್ತವರನ್ನೂ ಕಾಣಬೇಕೇ ಎಂದು ಜನ ತಮ್ಮತಮ್ಮಲ್ಲೇ ಕೇಳಿಕೊಂಡರು.

ಜನ ಇನ್ನೂ ಉತ್ತರ ಹುಡುಕುತ್ತಿರುವಾಗ ಸೇನೆ ತನ್ನ ಉತ್ತರವನ್ನು ಕೊಟ್ಟಿತು. ಮಚಾರ್ ಮತ್ತು ಅವರ ಅಧಿಕಾರಿಗಳು ಎರಡು ಬಗೆಯ ಯುದ್ಧಗಳಿವೆ ಎಂದು ಜನರಿಗೆ ಮನಗಾಣಿಸಲು ಹೊರಟರು. ಒಂದು ಊರಿನ ಯುದ್ಧ. ಅದರಲ್ಲಿ ಹಳೆಯ ಕಟ್ಟುಪಾಡೆಲ್ಲ ಇರಲಿ: ತೋಳಿನ ಗೀರು, ದನ, ಸತ್ತವನ ಹೆಸರಿನ ಮದುವೆ. ಇನ್ನೊಂದು ಸರ್ಕಾರದ ಯುದ್ಧ. ಅಲ್ಲಿ ಕೊಂದವನು ತನಗಾಗಿ ಕೊಲ್ಲುವುದಿಲ್ಲ, ಸತ್ತವನ ಗುರುತೂ ಅವನಿಗಿರುವುದಿಲ್ಲ. ಆದ್ದರಿಂದ ಅಲ್ಲಿ ಸೂತಕವಿಲ್ಲ, ಪರಿಹಾರವಿಲ್ಲ, ಸೇಡಿನ ಹಕ್ಕೂ ಇಲ್ಲ.

ಸೇನೆ ಕಟ್ಟುವವನ ದೃಷ್ಟಿಯಿಂದ ಈ ಮಾತಿನಲ್ಲಿ ತರ್ಕವಿದೆ. ಪ್ರತಿ ಸೈನಿಕನೂ ಗುಂಡು ಹಾರಿಸಿದ ಮೇಲೆ ನೀರು ಬಿಟ್ಟು ಪೂಜಾರಿಯ ಮನೆಗೆ ಓಡಿದರೆ ಯುದ್ಧ ನಡೆಯುವುದಿಲ್ಲ. ಪ್ರತಿ ಸಾವೂ ಎರಡು ಕುಲಗಳ ಹಗೆಯಾದರೆ ಸೇನೆ ಉಳಿಯುವುದಿಲ್ಲ. ಜಗತ್ತಿನ ಎಲ್ಲ ಸರ್ಕಾರಗಳೂ ತಮ್ಮ ಸೈನಿಕರಿಗೆ ಹೇಳುವುದು ಇದನ್ನೇ. ಆದರೆ ಆ ಬಯಲಿನಲ್ಲಿ ಕೊಲೆಯನ್ನು ತಡೆಯುತ್ತಿದ್ದ ಗೋಡೆ ಅದೊಂದೇ ಆಗಿತ್ತು. ಅದನ್ನು ತೆಗೆದ ಜಾಗದಲ್ಲಿ ನಿಲ್ಲಿಸಲು ಕೋರ್ಟಿರಲಿಲ್ಲ, ಕಾನೂನಿರಲಿಲ್ಲ, ಸಂಬಳ ಕೊಡುವ ಸರ್ಕಾರವೂ ಇರಲಿಲ್ಲ. ಯಾವ ಯುದ್ಧ ಊರಿನದು, ಯಾವುದು ಸರ್ಕಾರದ್ದು ಎಂದು ಹೇಳುವ ಅಧಿಕಾರ ಮಾತ್ರ ಬಂದೂಕು ಹಂಚುವವನ ಕೈಗೆ ಬಂತು.

ಅದರ ಫಲ ಕಾಣಲು ಹೆಚ್ಚು ಕಾಲ ಹಿಡಿಯಲಿಲ್ಲ. 1991ರ ಆಗಸ್ಟ್ 28ರಂದು ನಾಸಿರ್ ಪಟ್ಟಣದಿಂದ ಮಚಾರ್ ಮತ್ತು ಸಂಗಡಿಗರು ಗರಾಂಗರ ನಾಯಕತ್ವವನ್ನು ಧಿಕ್ಕರಿಸಿದರು. ಇಬ್ಬರು ನಾಯಕರ ಜಗಳ ತಿಂಗಳುಗಳಲ್ಲೇ ಎರಡು ಜನಗಳ ಜಗಳವಾಯಿತು. ಆ ವರ್ಷದ ಕೊನೆಯಲ್ಲಿ ಮಚಾರರ ಪಡೆಯೂ, ಮೈಗೆ ಬೂದಿ ಬಳಿದುಕೊಂಡು ಬರುತ್ತಿದ್ದ 'ಬಿಳಿ ಸೇನೆ' ಎಂಬ ದೊಡ್ಡಿಯ ಹುಡುಗರ ದಂಡೂ ಗರಾಂಗರ ತವರಾದ ಬೋರ್ ಪ್ರದೇಶದ ಮೇಲೆ ಬಿದ್ದವು. ಕನಿಷ್ಠ 2,000 ಜನ ಸತ್ತರೆಂದು ಮಾನವಹಕ್ಕು ಸಂಸ್ಥೆ ಆಮ್ನೆಸ್ಟಿ ಅಂದಾಜಿಸಿತು. ಮುದುಕರು, ಹೆಂಗಸರು, ಮಕ್ಕಳು ಎಂದು ನೋಡಲಿಲ್ಲ. ದನ ಹೊಡೆದೊಯ್ದರು, ಜೋಳ ಸುಟ್ಟರು. ಉಳಿದವರನ್ನು ಹಸಿವು ತಿಂದಿತು.

ಹಚಿನ್ಸನ್ ಮತ್ತು ಡಿಂಕಾ ಮೂಲದ ವಿದ್ವಾಂಸ ಜೋಕ್ ಮಾದುತ್ ಜೋಕ್ 1999ರಲ್ಲಿ ಜೊತೆಯಾಗಿ ಒಂದು ಪ್ರಬಂಧ ಬರೆದರು. ಅವರ ಪ್ರಕಾರ 1991ಕ್ಕೆ ಮುಂಚಿನ ನುಯೆರ್-ಡಿಂಕಾ ಹೊಡೆದಾಟಗಳಲ್ಲಿ ಹೆಂಗಸರು, ಮಕ್ಕಳನ್ನು ಗುರಿಯಿಟ್ಟು ಕೊಲ್ಲುವುದು ದೇವರಿಗೆ ವಿರುದ್ಧವಾದ ಕೃತ್ಯ ಎಂಬ ತಿಳಿವಳಿಕೆ ಎರಡೂ ಕಡೆ ಬೇರೂರಿತ್ತು. ಇವಾನ್ಸ್-ಪ್ರಿಚರ್ಡ್ ಕಂಡ ಕಾಲದ ದಾಳಿಗಳಿಂದ ಅಷ್ಟು ದೂರ ಜನ ಬಂದಿದ್ದರು. ಅಂಥ ತಿಳಿವಳಿಕೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಅಷ್ಟಕ್ಕೇ ನಿಲ್ಲಲೂ ಇಲ್ಲ. ಸೂತಕವಿಲ್ಲದ ಕೊಲೆಯ ತರ್ಕ ಒಳಗೂ ತಿರುಗಿತು. 1990ರ ದಶಕದ ಕೊನೆಗೆ ನುಯೆರ್ ದಂಡನಾಯಕರು ಪರಸ್ಪರರ ಮೇಲೆ ಬಿದ್ದಾಗ ನುಯೆರ್ ಹುಡುಗರು ನುಯೆರ್ ಊರುಗಳನ್ನೇ ಸುಟ್ಟರು. ಬೆಂತಿಯು ಪಟ್ಟಣದ ಸುತ್ತಲಿನ ಅವರ ನೆಲದ ಅಡಿಯಲ್ಲಿ ತೈಲವಿತ್ತು. ಅದರ ಮೇಲಿನ ಜನರನ್ನು ಖಾಲಿ ಮಾಡಿಸುವುದು ಖಾರ್ಟೂಮಿನಲ್ಲಿದ್ದ ಸುಡಾನ್ ಸರ್ಕಾರಕ್ಕೆ ಬೇಕಾಗಿತ್ತು; ಬಂದೂಕು ಹಂಚಲು ಅದು ಹಿಂಜರಿಯಲಿಲ್ಲ. 2003ರಲ್ಲಿ ಆ ತೈಲ ಯೋಜನೆಯ ನಾಲ್ಕನೆಯ ಒಂದು ಪಾಲನ್ನು ನಮ್ಮ ಓಎನ್‌ಜಿಸಿ ವಿದೇಶ್ ಕೊಂಡಿತು. ಅದೇ ವರ್ಷ ಸುಡಾನಿನ ಕಚ್ಚಾ ತೈಲ ಹೊತ್ತ ಹಡಗು ನವಮಂಗಳೂರು ಬಂದರಿಗೆ ಬಂದು ಎಂಆರ್‌ಪಿಎಲ್‌ಗೆ ತೈಲ ಇಳಿಸಿತು. ಆ ಬಯಲಿನ ಕಥೆ ನಮಗೆ ಸಂಬಂಧಪಡದ ದೂರದ ಕಥೆ ಎಂದು ಕನ್ನಡಿಗರಾದ ನಾವು ಹೇಳುವಂತಿಲ್ಲ.

ಬಿಳಿ ಹೋರಿಯ ಮುಂದೆ

1999ರ ಫೆಬ್ರವರಿ ಕೊನೆ. ಡಿಂಕಾ ಸೀಮೆಯ ವುನ್ಲಿತ್ ಎಂಬಲ್ಲಿ ಬಯಲ ನಡುವೆ ಹೊಸ ಹಳ್ಳಿಯೊಂದು ಎದ್ದಿದೆ. ಹುಲ್ಲಿನ ಗುಡಿಸಲುಗಳ ಸಾಲು, ಕೊರೆಸಿದ ಬೋರ್‌ವೆಲ್, ನಡುವೆ ಸಭೆಗೆ ಒಂದು ದೊಡ್ಡ ಚಪ್ಪರ. ಸುಡಾನಿನ ಚರ್ಚುಗಳ ಒಕ್ಕೂಟ ಕರೆದ ಶಾಂತಿಸಭೆ ಇದು. ನುಯೆರ್ ಮುಖಂಡರು ಎಂಟು ವರ್ಷಗಳ ಹಗೆಯನ್ನು ದಾಟಿ ಡಿಂಕಾ ನೆಲಕ್ಕೆ ಬಂದಿದ್ದಾರೆ. ಅವರ ಜೀವಕ್ಕೆ ಭದ್ರತೆಯ ಭರವಸೆ ಕೊಟ್ಟವರಲ್ಲಿ ಗರಾಂಗರ ಸೇನೆಯ ಹಿರಿಯ ದಂಡನಾಯಕ ಸಾಲ್ವಾ ಕೀರ್ ಒಬ್ಬರು.

ಮೊದಲು ಹೋರಿ. ಕಲೆಯಿಲ್ಲದ ಬಿಳಿ ಹೋರಿಯನ್ನು ಗೂಟಕ್ಕೆ ಕಟ್ಟಲಾಗಿದೆ. ಡಿಂಕಾ ಜನರಲ್ಲಿ ಈಟಿಯ ಒಡೆಯರು ಎಂಬ ಪೂಜಾರಿ ಕುಲಗಳಿವೆ. ಆ ಹಿರಿಯರು ಇಂಥ ಬಲಿಯ ಹೊತ್ತಿನಲ್ಲಿ ಹೇಗೆ ಮಾತಾಡುತ್ತಾರೆ ಎಂಬುದನ್ನು ಮಾನವಶಾಸ್ತ್ರಜ್ಞ ಗಾಡ್‌ಫ್ರೀ ಲೀನ್‌ಹಾರ್ಟ್ 1961ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಕೊಟ್ಟಿದ್ದಾರೆ. ಒಡೆಯ ಈಟಿ ಝಳಪಿಸುತ್ತಾ ಒಂದು ತುಂಡು ವಾಕ್ಯ ಹೇಳುತ್ತಾನೆ. ಸುತ್ತ ನಿಂತವರು ಅದನ್ನೇ ಒಕ್ಕೊರಲಿನಿಂದ ಮರಳಿ ಹೇಳುತ್ತಾರೆ. ಮತ್ತೊಂದು ತುಂಡು, ಮತ್ತೆ ಒಕ್ಕೊರಲು. ಶುರುವಿನಲ್ಲಿ ಅಲ್ಲಲ್ಲಿ ಹರಟುತ್ತಿದ್ದ ಜನ ಬರಬರುತ್ತಾ ಒಂದೇ ಉಸಿರಿಗೆ ಬರುತ್ತಾರೆ. ಆ ಮಾತಿನ ಪೆಟ್ಟಿಗೇ ಹೋರಿ ಸೊರಗುತ್ತದೆ ಎಂದು ಡಿಂಕಾ ಜನ ನಂಬುತ್ತಾರೆ. ಬೀಳುವ ಹೊತ್ತಿಗೆ ಅದು ಎಲ್ಲರ ರೋಗವನ್ನೂ ರೋಷವನ್ನೂ ಹೊತ್ತಿರುತ್ತದೆ. ವುನ್ಲಿತ್‌ನಲ್ಲಿ ಹಾಗೆ ಬಿದ್ದ ಬಿಳಿ ಹೋರಿಯ ಮೇಲೆ ಎರಡೂ ಜನ ಆಣೆಯಿಟ್ಟರು: ಈ ಮಾತು ಮುರಿದವರ ಗತಿ ಈ ಹೋರಿಯದೇ ಆಗಲಿ.

ಆಮೇಲೆ ಚಪ್ಪರದ ಕೆಳಗೆ ಮಾತು ಶುರುವಾಯಿತು. ಅದೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಭಾಗ. ಯಾರೂ ಆದದ್ದಾಯಿತು, ಮರೆತುಬಿಡೋಣ ಎನ್ನಲಿಲ್ಲ. ಒಂದು ಕಡೆಯವರು ತಮಗಾದ ಅನ್ಯಾಯವನ್ನು ಊರು, ಹೆಸರು, ದನದ ಸಮೇತ ಬಿಡಿಬಿಡಿಯಾಗಿ ಹೇಳಿದರು. ಇನ್ನೊಂದು ಕಡೆಯವರು ಕೂತು ಕೇಳಿದರು, ಬಳಿಕ ಉತ್ತರ ಕೊಟ್ಟರು. ನಂತರ ಅವರ ಸರದಿ. ಸುಟ್ಟ ಊರು, ಹೊತ್ತೊಯ್ದ ಹೆಣ್ಣುಮಕ್ಕಳು, ಕೊಲ್ಲಿಸಿದ ನಾಯಕ, ಎಲ್ಲವೂ ಸಭೆಯ ಮುಂದೆ ಬಂತು. ಹೆಂಗಸರೂ ಎದ್ದು ಮಾತಾಡಿದರು. ಕೊನೆಗೆ ಆದ ಒಪ್ಪಂದ ನೆಲಕ್ಕೆ ಅಂಟಿಕೊಂಡಂಥದ್ದು: ಹಳೆಯ ಅಪರಾಧಗಳಿಗೆ ಕ್ಷಮೆ, ಹೊತ್ತೊಯ್ದ ಹೆಂಗಸರು ಮಕ್ಕಳ ಹಿಂತಿರುಗಿಸುವಿಕೆ, ಹುಲ್ಲುಗಾವಲು ಮತ್ತು ಮೀನಿನ ಮಡುಗಳ ಹಂಚಿಕೆ, ಗಡಿ ದಾಟಿ ಓಡಾಡುವ ಸ್ವಾತಂತ್ರ್ಯ. 300ಕ್ಕೂ ಹೆಚ್ಚು ಮುಖಂಡರು ಅದಕ್ಕೆ ಒಪ್ಪಿಗೆಯೊತ್ತಿದರು.

ಆ ಮಾತು ನಿಂತಿತು. ಅದೇ ವರ್ಷ ತೈಲದ ಯುದ್ಧ ನುಯೆರ್ ಊರುಗಳನ್ನು ಖಾಲಿ ಮಾಡಿಸತೊಡಗಿದಾಗ ದನ, ಮಕ್ಕಳೊಂದಿಗೆ ಪಶ್ಚಿಮಕ್ಕೆ ಓಡಿದ ಸಾವಿರಾರು ನುಯೆರರಿಗೆ ನೆಲೆ ಕೊಟ್ಟವರು ಡಿಂಕಾ ಜನ. ನಾಲ್ಕು ತಿಂಗಳ ಹಿಂದಿನವರೆಗೂ ಇಬ್ಬರ ನಡುವೆ ಯಾರೂ ಕಾಲಿಡದ ಪಾಳು ಬಯಲಿತ್ತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಬಂದೂಕುಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಬದಲಾದದ್ದು ಇಷ್ಟೇ: ಸಾವು ಮತ್ತೆ ಲೆಕ್ಕಕ್ಕೆ ಬಂದಿತ್ತು.

ಹಣೆಯ ಗೀರು

2011ರ ಜುಲೈ 9ರಂದು ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಯಿತು. ವುನ್ಲಿತ್‌ಗೆ ಭದ್ರತೆಯ ಭರವಸೆ ಕೊಟ್ಟಿದ್ದ ಸಾಲ್ವಾ ಕೀರ್ ಅಧ್ಯಕ್ಷರು, ರಿಯೆಕ್ ಮಚಾರ್ ಉಪಾಧ್ಯಕ್ಷರು. ಮರುತಿಂಗಳು ಮಚಾರ್ ಬೋರ್‌ನ ಹತ್ಯೆಗಾಗಿ ಕಣ್ಣೀರಿಟ್ಟು ಕ್ಷಮೆ ಕೇಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಆಳುವ ಪಕ್ಷದೊಳಗಿನ ಅಧಿಕಾರದ ಜಗಳ ಬಿರುಸಾಗಿ ಮಚಾರ್ ಪದಚ್ಯುತರಾದರು. 2013ರ ಡಿಸೆಂಬರ್ ಮಧ್ಯದಲ್ಲಿ ರಾಜಧಾನಿ ಜುಬಾದಲ್ಲಿ ಗುಂಡು ಸಿಡಿಯಿತು. ಅಧ್ಯಕ್ಷ ಕೀರ್ ಸೈನಿಕ ಸಮವಸ್ತ್ರ ತೊಟ್ಟು ಟಿವಿ ಪರದೆಗೆ ಬಂದರು. ಆ ದಿನಗಳ ಅವರ ಮಾತಿನಲ್ಲಿ 1991 ಮರಳಿ ಬಂತು. ಆ ಒಂದು ಇಸವಿಯಿಂದ ಕೇಳುಗರಿಗೆ ಶತ್ರು ಯಾರು ಎಂಬುದು ಗೊತ್ತಾಯಿತು.

ಜುಬಾದ ಬೀದಿಗಳಲ್ಲಿ ಸೈನಿಕರು ಮನೆಮನೆ ಹೊಕ್ಕು ನುಯೆರರನ್ನು ಹುಡುಕಿದರು. ಡಿಂಕಾ ಮಾತಿನಲ್ಲಿ ಪ್ರಶ್ನೆ ಕೇಳಿ ಉತ್ತರ ಬಾರದವರನ್ನು ಹೊರಗೆಳೆದರು. ಹಣೆಯ ಗೀರುಗಳನ್ನು ನೋಡಿ ಗುರುತಿಸಿದರು. ಗುಡೆಲೆ ಬಡಾವಣೆಯ ಪೊಲೀಸ್ ಕಟ್ಟಡವೊಂದರಲ್ಲಿ ಕೂಡಿಹಾಕಿದ್ದ 200ರಿಂದ 400 ಗಂಡಸರನ್ನು ಕಿಟಕಿಗಳಿಂದ ಗುಂಡಿಟ್ಟು ಕೊಂದರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಹುಡುಗ ಗಂಡಸಾದ ಎಂದು ದೊಡ್ಡಿಯಲ್ಲಿ ಹಾಡಿ ಕುಣಿದು ಕೊಯ್ದ ಗೀರು ಈಗ ಸಾವಿನ ಚೀಟಿ.

ವಾರ ಕಳೆಯುವ ಮೊದಲೇ ಅತ್ತ ಅಕೋಬೋದಲ್ಲಿ ನುಯೆರ್ ಹುಡುಗರ ದಂಡು ವಿಶ್ವಸಂಸ್ಥೆಯ ನೆಲೆಯ ಮೇಲೆ ನುಗ್ಗಿತು. ಅಲ್ಲಿ ಆಶ್ರಯ ಪಡೆದಿದ್ದ ಡಿಂಕಾ ಜನರನ್ನೂ, ಅವರನ್ನು ಕಾಯಲು ನಿಂತಿದ್ದ ಇಬ್ಬರು ಭಾರತೀಯ ಯೋಧರನ್ನೂ ಕೊಂದಿತು. ಇವರ ಅಜ್ಜಂದಿರು ಹೊಂಚು ಹಾಕಿ ಕೂತಾಗಲೂ ಪೂಜಾರಿಯ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಮಚಾರ್ ಕಡೆಯ ಬಂಡುಕೋರರು ಬೆಂತಿಯು ಪಟ್ಟಣ ಹಿಡಿದಾಗ ಮಸೀದಿಯಲ್ಲಿ ಅಡಗಿದ್ದ ಇನ್ನೂರಕ್ಕೂ ಹೆಚ್ಚು ನಾಗರಿಕರನ್ನು ಕೊಂದರು. ಊರಿನ ಎಫ್‌ಎಂ ರೇಡಿಯೋದಲ್ಲಿ ಕೂತ ಕೆಲವು ದಂಡನಾಯಕರು, ಬೇರೆ ಸಮುದಾಯದ ಹೆಂಗಸರ ಮೇಲೆ ಅತ್ಯಾಚಾರ ಎಸಗಿ ಸೇಡು ತೀರಿಸಿಕೊಳ್ಳಿ ಎಂದು ಗಂಡಸರಿಗೆ ಕರೆ ಕೊಟ್ಟರು. ಚಪ್ಪರದ ಕೆಳಗೆ ಎದುರಾಳಿಯ ಮುಖ ನೋಡುತ್ತಾ, ಉತ್ತರ ಕೇಳಿಸಿಕೊಳ್ಳುತ್ತಾ ಆಡಿದ ಮಾತಿಗೂ ಮೈಕಿನ ಹಿಂದೆ ಕೂತು ಉತ್ತರವೇ ಬಾರದಂತೆ ಆಡಿದ ಮಾತಿಗೂ ಎಷ್ಟು ಅಂತರ!

2013ರ ಡಿಸೆಂಬರ್‌ನಿಂದ 2018ರ ಏಪ್ರಿಲ್‌ವರೆಗೆ ಯುದ್ಧದಿಂದಾದ ಹೆಚ್ಚುವರಿ ಸಾವು ಸುಮಾರು 3,83,000 ಎಂದು ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಶಾಲೆಯ ಅಧ್ಯಯನ ಅಂದಾಜಿಸಿತು. 2018ರಲ್ಲಿ ಇನ್ನೊಂದು ಒಪ್ಪಂದವಾಯಿತು. ಮಚಾರ್ ಮತ್ತೆ ಉಪಾಧ್ಯಕ್ಷರಾದರು. 2025ರ ಮಾರ್ಚ್‌ನಲ್ಲಿ ನಾಸಿರ್ ಪಟ್ಟಣದಲ್ಲಿ ಬಿಳಿ ಸೇನೆ ಸರ್ಕಾರಿ ನೆಲೆಯನ್ನು ಹಿಡಿಯಿತು, ಮಚಾರ್ ಗೃಹಬಂಧನಕ್ಕೆ ಹೋದರು. ನಾಯಕರ ನಡುವೆ ಹೋಟೆಲುಗಳಲ್ಲಿ ಆಗುವ ಒಪ್ಪಂದಗಳಲ್ಲಿ ಮಂತ್ರಿಸ್ಥಾನಗಳ ಹಂಚಿಕೆ ಕರಾರುವಾಕ್ಕಾಗಿರುತ್ತದೆ. ಸತ್ತವರ ಹೆಸರು ಅವುಗಳಲ್ಲಿ ಇರುವುದಿಲ್ಲ.

ಆ ಹೆಸರುಗಳನ್ನು ಬರೆಯುವ ಕೆಲಸ ಹಿಡಿದವರು ಬೇರೆ. 2013ರ ಡಿಸೆಂಬರ್ ಹತ್ಯೆಗಳ ಬೆನ್ನಲ್ಲೇ ದಕ್ಷಿಣ ಸುಡಾನಿನ ಕೆಲವು ನಾಗರಿಕರು, ಯಾವ ಜನ, ಯಾವ ಪಕ್ಷ ಎಂದು ನೋಡದೆ, ತೀರಿಹೋದವರ ಹೆಸರುಗಳನ್ನು ಮನೆಯವರಿಂದ ಕೇಳಿ ಪಟ್ಟಿ ಮಾಡತೊಡಗಿದರು. ಡಿಂಕಾ, ನುಯೆರ್, ಶಿಲುಕ್ ಹೆಸರುಗಳನ್ನು ಒಂದರ ಕೆಳಗೊಂದು ಬರೆದರು. ಸರ್ಕಾರದ ಯುದ್ಧದಲ್ಲಿ ಸತ್ತವನಿಗೆ ಲೆಕ್ಕವಿಲ್ಲ ಎಂಬ ಮಾತನ್ನು ಆ ಪಟ್ಟಿ ಹೆಸರು ಹಿಡಿದು ಅಲ್ಲಗಳೆಯುತ್ತದೆ.

ಯುದ್ಧಕ್ಕೆ ಕಾರಣ ಮಾತೊಂದೇ ಎಂದು ನಾನು ಹೇಳುತ್ತಿಲ್ಲ. ತೈಲ, ಬಂದೂಕು, ಬರ, ಹೊರಗಿನವರ ಹಣ ಎಲ್ಲವೂ ಅಲ್ಲಿವೆ. ಆದರೆ ಅಕ್ಕಪಕ್ಕದಲ್ಲಿ ದನ ಮೇಯಿಸಿದ ಮನುಷ್ಯ ನೆರೆಮನೆಯ ಮಗುವಿನ ಮೇಲೆ ಬಂದೂಕು ಎತ್ತಬೇಕಾದರೆ, ಈ ಸಾವು ನಿನ್ನ ಮೈಗೆ ಅಂಟುವುದಿಲ್ಲ ಎಂದು ಅವನಿಗೆ ಯಾರಾದರೂ ಮೊದಲು ಹೇಳಿರಲೇಬೇಕು. ಹಾಗೆ ಹೇಳುವ ನಾಯಕರು ಯಾವ ಖಂಡಕ್ಕೂ ಹೊಸಬರಲ್ಲ. ನುಯೆರರೂ ಡಿಂಕಾ ಜನರೂ ತಮ್ಮ ಬಯಲಿನಲ್ಲಿ ಕಂಡುಕೊಂಡಿದ್ದ ಉತ್ತರವನ್ನು ಅದಕ್ಕಾಗಿಯೇ ನಾವು ಗೌರವದಿಂದ ಓದಬೇಕು: ಕೊಂದವನು ಯಾರ ಅಪ್ಪಣೆಯಿಂದ ಕೊಂದರೂ ಕೊಂದದ್ದು ಅವನೇ, ಸತ್ತವನು ಯಾರ ಶತ್ರುವಾಗಿದ್ದರೂ ಅವನ ಮನೆಗೆ ಒಂದು ಜೀವದ ಸಾಲ ಉಳಿದೇ ಇರುತ್ತದೆ. ಆ ಸಾಲ ಇಲ್ಲ ಎನ್ನುವ ಭಾಷಣಕ್ಕೆ ಚಪ್ಪಾಳೆ ತಟ್ಟದಿರುವುದು ಶಾಂತಿಯ ಮೊದಲ ಕೆಲಸ.